ಯಾರು, ಯಾವಾಗ, ಯಾವ ಪ್ರಾಣಿಗೆ?

ಹನ್ನೆರಡು ಪುಟಗಳ ಪ್ರಬಂಧ. ಅಂಚಿಗೆ ಸ್ಕೇಲು ಇಟ್ಟು ಗೆರೆ ಎಳೆದು, ತಲೆಬರಹಗಳನ್ನು ಹಸಿರು ಶಾಯಿಯಲ್ಲಿ ಬರೆದು, ಮೊದಲ ಪುಟದಲ್ಲಿ ಹಸುವಿನ ಕೆಚ್ಚಲಿನ ಚಿತ್ರ ಬಿಡಿಸಿ ಕೊಟ್ಟಿದ್ದಳು. ವಾರದ ನಂತರ ಅದು ಹಿಂದಿರುಗಿ ಬಂದಾಗ ಒಂಬತ್ತನೆಯ ಪುಟದ ಒಂದೇ ಒಂದು ಸಾಲಿನ ಕೆಳಗೆ ಕೆಂಪು ಗೆರೆ ಬಿದ್ದಿತ್ತು. ಪಕ್ಕದಲ್ಲಿ ಮೂರು ಪ್ರಶ್ನೆ: ‘ಯಾರು ಹೇಳಿದರು? ಯಾವಾಗ ಹೇಳಿದರು? ಯಾವ ಪ್ರಾಣಿಗೆ?’ ಅಂಕ ಹಾಕುವ ಜಾಗ ಖಾಲಿ.

ಕೆಂಪು ಗೆರೆ ಬಿದ್ದ ಸಾಲು ಇದು: ‘ಕೆಚ್ಚಲು ಬಾವಿನ ನೋವು ಮತ್ತು ಊತ ಕಡಿಮೆಯಾಗಲು ಡೈಕ್ಲೊಫೆನಾಕ್ ಚುಚ್ಚುಮದ್ದು ಕೊಡಬೇಕು.’

ಹುಡುಗಿಗೆ ಅಳು ಬರುವಷ್ಟು ಸಿಟ್ಟು ಬಂತು. ಉಳಿದವರೆಲ್ಲ ಮೊಬೈಲಿನಲ್ಲಿ ಸಿಕ್ಕಿದ್ದನ್ನು ಇಳಿಸಿ ತಂದಿದ್ದರು. ಅವಳೊಬ್ಬಳೇ ಗ್ರಂಥಾಲಯದಲ್ಲಿ ಎರಡು ಮಧ್ಯಾಹ್ನ ಕೂತು, ರಟ್ಟು ಕಿತ್ತುಹೋದ ದಪ್ಪ ಪುಸ್ತಕವೊಂದರಿಂದ ಟಿಪ್ಪಣಿ ಮಾಡಿಕೊಂಡಿದ್ದಳು. ಪುಸ್ತಕದಲ್ಲಿ ಇದ್ದದ್ದನ್ನೇ ಬರೆದರೆ ತಪ್ಪೆನ್ನುವುದು ಯಾವ ನ್ಯಾಯ?

ರಾಮನಗರದ ಸುತ್ತಿನ ಹಳ್ಳಿಯೊಂದರ ಹುಡುಗಿ ಆಕೆ. ಎಸ್ಸೆಸ್ಸೆಲ್ಸಿ ಮುಗಿಸಿ, ಬೀದರಿನ ಪಶು ವಿಶ್ವವಿದ್ಯಾಲಯಕ್ಕೆ ಸೇರಿದ ಪಾಲಿಟೆಕ್ನಿಕ್ಕೊಂದರಲ್ಲಿ ಪಶುಸಂಗೋಪನೆಯ ಎರಡು ವರ್ಷದ ಡಿಪ್ಲೊಮಾ ಓದುತ್ತಿದ್ದಳು. ಮನೆಯಲ್ಲಿ ಒಂದೂವರೆ ಎಕರೆ ಹೊಲ, ಒಂದಿಷ್ಟು ರೇಷ್ಮೆ, ಎರಡು ಸೀಮೆಹಸು. ತಿಂಗಳ ಖರ್ಚು ನಡೆಯುತ್ತಿದ್ದುದು ಡೇರಿಯ ಹಾಲಿನ ದುಡ್ಡಿನಿಂದ. ಅಪ್ಪ ಓದಿದ್ದು ನಾಲ್ಕನೆಯ ಕ್ಲಾಸು. ಅಚ್ಚಿನ ಅಕ್ಷರವೆಂದರೆ ಅವನಿಗೆ ದೇವರ ಪಟವಿದ್ದ ಹಾಗೆ. ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದ. ರಜೆಗೆ ಮನೆಗೆ ಬಂದ ಮಗಳು ಪ್ರಬಂಧ ತೋರಿಸಿ ಅತ್ತಾಗ ಅವನೂ ಅವಳ ಪಕ್ಷವನ್ನೇ ವಹಿಸಿದ.

“ಬುಕ್ಕಲ್ಲಿ ಅಚ್ಚು ಹಾಕಿರೋದು ಸುಳ್ಳಾಗ್ತದಾ ಮಗಾ? ನಿಮ್ಮ ಮೇಷ್ಟ್ರಿಗೇ ಗೊತ್ತಿಲ್ಲ ಅಂತ ಕಾಣ್ತದೆ.”

ಸೋಮವಾರ ಹಾಗೆಯೇ ಕೇಳಿಬಿಡಬೇಕೆಂದು ಅವಳು ಮೇಷ್ಟ್ರ ಕೋಣೆಗೆ ಹೋದಳು. ಆದರೆ ಬಾಗಿಲ ಬಳಿ ನಿಂತಾಗ ಧೈರ್ಯ ಸಾಲದೆ, “ಸಾರ್, ಲೈಬ್ರರಿ ಪುಸ್ತಕದಿಂದಲೇ ಬರ್ದಿದ್ದು” ಎಂದಷ್ಟೇ ಹೇಳಿದಳು.

ಮೇಷ್ಟ್ರು ಬೈಯಲಿಲ್ಲ. “ಪುಸ್ತಕ ತಗೊಂಡು ಬಾಮ್ಮ” ಎಂದರು. ತಂದುಕೊಟ್ಟಾಗ ಒಂಬತ್ತನೆಯ ಪುಟದ ವಿಷಯಕ್ಕೆ ಹೋಗದೆ, ಮೊದಲ ಹಾಳೆಯ ಹಿಂಬದಿಯನ್ನು ತೆರೆದು ಅವಳ ಮುಂದಿಟ್ಟರು. ಅಲ್ಲಿ ಮುದ್ರಣದ ವರ್ಷವಿತ್ತು: 1998. ಎರಡು ಮಧ್ಯಾಹ್ನ ಆ ಪುಸ್ತಕದ ಜೊತೆ ಕಳೆದಿದ್ದರೂ ಆ ಹಾಳೆಯನ್ನು ಅವಳು ತಿರುವಿ ನೋಡಿರಲಿಲ್ಲ.

“ಈ ಪುಸ್ತಕ ಸುಳ್ಳು ಹೇಳಿಲ್ಲ. ಅದು ಬರೆದ ಕಾಲಕ್ಕೆ ಗೊತ್ತಿದ್ದುದನ್ನು ಹೇಳಿದೆ. ಆಮೇಲೆ ಏನಾಯಿತು ಅಂತ ಹುಡುಕು. ಹುಡುಕಿದ ಮೇಲೆ ಬಾ, ಅಂಕ ಆಮೇಲೆ ಹಾಕ್ತೀನಿ.”

ಹದ್ದುಗಳ ಕಥೆ

ಆಮೇಲೆ ಏನಾಯಿತು ಎಂಬುದನ್ನು ಹುಡುಕಲು ಅವಳಿಗೆ ಹತ್ತು ದಿನ ಬೇಕಾಯಿತು. ಅದು ಹಸುವಿನ ಕಥೆಯಾಗಿರದೆ ರಣಹದ್ದುಗಳ ಕಥೆಯಾಗಿತ್ತು.

1990ರ ದಶಕದಲ್ಲಿ ರಾಜಸ್ಥಾನದ ಭರತ್‌ಪುರದ ಪಕ್ಷಿಧಾಮದಲ್ಲಿ ರಣಹದ್ದುಗಳು ಮರದ ಮೇಲೆ ಕತ್ತು ಜೋಲಿಸಿ ಕೂತು, ಕೊನೆಗೆ ಸತ್ತು ಬೀಳುತ್ತಿದ್ದುದನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಗಮನಿಸಿದ್ದರು. ದೇಶದ ಉದ್ದಗಲಕ್ಕೂ ಹೀಗೆಯೇ ಆಗುತ್ತಿತ್ತು. 1992ರಿಂದ 2007ರೊಳಗೆ ಬಿಳಿಬೆನ್ನಿನ ರಣಹದ್ದುಗಳು ಸಾವಿರಕ್ಕೊಂದರಂತೆ ಉಳಿದವು. ಯಾವುದೋ ವೈರಸ್ ಇರಬೇಕೆಂದು ಬಹಳ ಮಂದಿ ಹುಡುಕಿದರು. ಸಿಗಲಿಲ್ಲ.

ಉತ್ತರ ಸಿಕ್ಕಿದ್ದು ಪಾಕಿಸ್ತಾನದಲ್ಲಿ. ಲಿಂಡ್ಸೆ ಓಕ್ಸ್ ಎಂಬ ಪಶುವೈದ್ಯ ವಿಜ್ಞಾನಿ ಮತ್ತು ಜೊತೆಗಾರರು ಸತ್ತ ಹದ್ದುಗಳನ್ನು ಕೊಯ್ದು ನೋಡಿದಾಗ ಒಳಗಿನ ಅಂಗಗಳ ಮೇಲೆಲ್ಲ ಸುಣ್ಣ ಬಳಿದಂತೆ ಯೂರಿಕ್ ಆಮ್ಲ ಕೂತಿತ್ತು. ಮೂತ್ರಪಿಂಡ ಕೆಟ್ಟಿತ್ತು. ರೋಗಾಣುವಿನ ಸುಳಿವಿಲ್ಲ, ಮಾಮೂಲಿ ವಿಷಗಳ ಸುಳಿವೂ ಇಲ್ಲ. ಹದ್ದು ತಿನ್ನುವುದು ಸತ್ತ ದನವನ್ನು. ಹಾಗಾದರೆ ದನಕ್ಕೆ ಏನು ಕೊಡುತ್ತಾರೆ? ಅವರು ಪಶುವೈದ್ಯರ ಬಳಿಗೂ ಔಷಧಿ ಅಂಗಡಿಗಳಿಗೂ ಹೋಗಿ ಕೇಳಿದರು. ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲ, ಎಲ್ಲೆಡೆ ಮಾರಾಟವಾಗುವ ಔಷಧಿಯೊಂದು ಎದ್ದು ಕಂಡಿತು: ಡೈಕ್ಲೊಫೆನಾಕ್. ಮೂತ್ರಪಿಂಡ ಕೆಟ್ಟು ಸತ್ತಿದ್ದ 25 ಹದ್ದುಗಳನ್ನು ಪರೀಕ್ಷಿಸಿದರು. 25ರಲ್ಲೂ ಅದರ ಅಂಶ ಸಿಕ್ಕಿತು. ಬೇರೆ ಕಾರಣಕ್ಕೆ ಸತ್ತಿದ್ದ 13 ಹದ್ದುಗಳಲ್ಲಿ ಒಂದರಲ್ಲೂ ಇರಲಿಲ್ಲ. ಈ ವರದಿ ‘ನೇಚರ್’ ಪತ್ರಿಕೆಯಲ್ಲಿ 2004ರಲ್ಲಿ ಪ್ರಕಟವಾಯಿತು. ನೂರು ಹೆಣಗಳಲ್ಲಿ ಒಂದಕ್ಕಿಂತಲೂ ಕಡಿಮೆ ಪ್ರಮಾಣದಲ್ಲಿ ಈ ಔಷಧಿ ಇದ್ದರೂ ಹದ್ದಿನ ಸಂತತಿ ಕುಸಿಯಲು ಸಾಕು ಎಂದು ಅದೇ ವರ್ಷ ಇನ್ನೊಂದು ತಂಡ ಲೆಕ್ಕ ಹಾಕಿ ತೋರಿಸಿತು.

ಭಾರತ ಸರ್ಕಾರ 2006ರಲ್ಲಿ ಪ್ರಾಣಿಗಳಿಗಾಗಿ ಡೈಕ್ಲೊಫೆನಾಕ್ ತಯಾರಿಸುವುದನ್ನು ನಿಲ್ಲಿಸಲು ಹೇಳಿತು. ಜನ ಮನುಷ್ಯರ ಔಷಧಿಯ ದೊಡ್ಡ ಬಾಟಲಿ ತಂದು ದನಗಳಿಗೆ ಚುಚ್ಚತೊಡಗಿದರು. 2015ರಲ್ಲಿ ಅದನ್ನೂ ತಡೆದು, ಮನುಷ್ಯರಿಗೆ ಕೊಡುವ ಚುಚ್ಚುಮದ್ದು 3 ಮಿಲಿಲೀಟರಿನ ಒಂದೇ ಡೋಸಿನ ಸೀಸೆಯಲ್ಲಿ ಮಾತ್ರ ಇರಬೇಕೆಂದಾಯಿತು. ದನಗಳಿಗೆ ಬಳಸುತ್ತಿದ್ದ ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್ 2023ರಲ್ಲಿ ನಿಷೇಧವಾದವು. 2024ರ ಕೊನೆಯಲ್ಲಿ ನಿಮೆಸುಲೈಡ್ ಸರದಿ. ಮೆಲಾಕ್ಸಿಕಾಮ್ ಎಂಬ ನೋವು ನಿವಾರಕ ದನಕ್ಕೂ ಆಗುತ್ತದೆ, ಹದ್ದಿಗೂ ಕೆಡುಕಲ್ಲ ಎಂದು 2006ರಲ್ಲೇ ಪರೀಕ್ಷೆ ಮಾಡಿ ತಿಳಿಸಿದ್ದರು.

ಇಷ್ಟೂ ನಡೆದದ್ದು 1998ರ ಆ ಪುಸ್ತಕ ಕಪಾಟಿನಲ್ಲಿ ಧೂಳು ಕುಡಿಯುತ್ತ ಕೂತಿದ್ದ ಕಾಲದಲ್ಲಿ. ಪುಸ್ತಕಕ್ಕೆ ಅದು ತಿಳಿಯುವುದು ಹೇಗೆ? ತಿಳಿದುಕೊಳ್ಳಬೇಕಾದವರು ಪುಸ್ತಕ ತೆರೆಯುವವರು.

ಮೂರು ಪ್ರಶ್ನೆಗಳ ದಾರಿ

ಮೇಷ್ಟ್ರ ಮೂರು ಪ್ರಶ್ನೆಗಳನ್ನು ಅವಳು ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಬರೆದುಕೊಂಡಳು. ಅಲ್ಲಿಂದ ಮುಂದೆ ಏನೇ ಓದಿದರೂ ಆ ಮೂರನ್ನು ಕೇಳಿಯೇ ಮುಂದುವರಿಯುವುದೆಂದು ನಿಶ್ಚಯಿಸಿದಳು.

ಮೊದಲನೆಯದು, ಯಾರು ಹೇಳಿದರು? ಇದರ ಪಾಠ ಅವಳಿಗೆ ಮೊದಲೇ ಒಮ್ಮೆ ಆಗಿತ್ತು. ಆಗ ಅದು ಪಾಠವೆಂದು ತಿಳಿದಿರಲಿಲ್ಲ ಅಷ್ಟೆ. 2022ರಲ್ಲಿ ರಾಜ್ಯದ ದನಕರುಗಳಿಗೆ ಚರ್ಮಗಂಟು ರೋಗ ಬಂದಾಗ ಅವಳು ಹೈಸ್ಕೂಲಿನಲ್ಲಿದ್ದಳು. ಗಂಟೆದ್ದ ಹಸುವಿನ ಚಿತ್ರದ ಜೊತೆ ‘ಈ ಹಾಲು ಕುಡಿದರೆ ಮನುಷ್ಯರಿಗೂ ಗಂಟು ಬರುತ್ತದೆ’ ಎಂಬ ಒಕ್ಕಣೆ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿತ್ತು. ಊರಿನಲ್ಲಿ ಕೆಲವರು ಹಾಲನ್ನು ತಿಪ್ಪೆಗೆ ಚೆಲ್ಲಿದರು. ಆ ರೋಗ ದನದಿಂದ ಮನುಷ್ಯರಿಗೆ ಬರುವಂಥದ್ದಲ್ಲ. ಆದರೆ ಆ ಒಕ್ಕಣೆಯ ಕೆಳಗೆ ಯಾರ ಹೆಸರೂ ಇರಲಿಲ್ಲ, ಇದೆಯೇ ಎಂದು ಯಾರೂ ನೋಡಲೂ ಇಲ್ಲ.

ಹೆಸರು ಇದ್ದರಷ್ಟೇ ಸಾಲದು, ಹೇಳುವವರಿಗೆ ಅದರಿಂದ ಏನು ಲಾಭ ಎಂಬುದನ್ನೂ ನೋಡಬೇಕು. ಪಶು ಔಷಧಿಯ ಅಂಗಡಿಗಳಲ್ಲಿ ಹೊಳಪು ಕಾಗದದ ಕರಪತ್ರಗಳನ್ನು ಧಾರಾಳವಾಗಿ ಕೊಡುತ್ತಾರೆ. ‘ಹಾಲು ಎರಡು ಪಟ್ಟು’ ಎಂಬ ಮಾತಿನ ಕೆಳಗೆ ಎಷ್ಟು ಹಸುಗಳ ಮೇಲೆ, ಎಷ್ಟು ದಿನ ಪರೀಕ್ಷಿಸಿದರು ಎಂದು ಹುಡುಕಿದರೆ ಸಿಗುವುದು ಮಾರಾಟಗಾರರ ಫೋನ್ ನಂಬರು ಮಾತ್ರ. ಹಾಗೆಂದು ಕಂಪನಿಯಿಂದ ಬಂದದ್ದೆಲ್ಲ ಸುಳ್ಳೆಂದು ತಳ್ಳಿಬಿಡುವುದೂ ತಪ್ಪು. ಜಗತ್ತಿನ ಪಶುವೈದ್ಯರೆಲ್ಲ ಕೈಗೆತ್ತಿಕೊಳ್ಳುವ ಮರ್ಕ್ ಪಶುವೈದ್ಯ ಕೈಪಿಡಿಯನ್ನು 1955ರಿಂದ ಹೊರತರುತ್ತಿರುವುದು ಔಷಧಿ ಕಂಪನಿಯೇ. ಆದರೆ ಅದರ ಪ್ರತಿ ಅಧ್ಯಾಯವನ್ನೂ ಬರೆದವರ ಹೆಸರು, ಅವರು ಕೆಲಸ ಮಾಡುವ ಸಂಸ್ಥೆ, ತಿದ್ದಿದ ಕಾಲ ಎಲ್ಲವೂ ಕಾಣುವಂತೆ ಇರುತ್ತದೆ. ಈಗ ಅಂತರ್ಜಾಲದಲ್ಲಿ ಬಿಡಿಗಾಸಿಲ್ಲದೆ ಓದಲೂ ಸಿಗುತ್ತದೆ. ಹೇಳಿದವರು ತಮ್ಮ ಹೆಸರನ್ನೂ ತಮ್ಮ ಆಧಾರವನ್ನೂ ಮುಂದಿಟ್ಟರೆ, ಓದುವವರು ಅವರನ್ನು ತೂಗಿ ನೋಡಬಹುದು.

ಎರಡನೆಯದು, ಯಾವಾಗ ಹೇಳಿದರು? ಡೈಕ್ಲೊಫೆನಾಕ್ ಒಂದೇ ಅಲ್ಲ. ಹಳೆಯ ಪುಸ್ತಕಗಳಲ್ಲಿ ‘ದೊಡ್ಡ ರೋಗ’ಕ್ಕೆ ಉದ್ದುದ್ದ ಅಧ್ಯಾಯಗಳಿವೆ. ತಾತಂದಿರ ಕಾಲದಲ್ಲಿ ಹಟ್ಟಿಗೆ ಹಟ್ಟಿಯನ್ನೇ ಬರಿದು ಮಾಡುತ್ತಿದ್ದ ಆ ರೋಗ ಭೂಮಿಯಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಿಸಿದ್ದಾರೆ. ಅದೇ ಪುಸ್ತಕಗಳಲ್ಲಿ ಚರ್ಮಗಂಟು ರೋಗ ಆಫ್ರಿಕಾದ ಕಾಯಿಲೆಯೆಂದು ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ; ಅದು 2019ರಲ್ಲಿ ಒಡಿಶಾದಲ್ಲಿ ಕಾಣಿಸಿಕೊಂಡು ಮೂರೇ ವರ್ಷದಲ್ಲಿ ನಮ್ಮ ಹಟ್ಟಿಯ ಬಾಗಿಲಿಗೇ ಬಂತು. ಹೋದ ರೋಗಕ್ಕೆ ನಲವತ್ತು ಪುಟ, ಬಂದ ರೋಗಕ್ಕೆ ನಾಲ್ಕು ಸಾಲು!

ಹಾಗಾದರೆ ಹಳೆಯ ಪುಸ್ತಕವನ್ನು ರದ್ದಿಗೆ ಹಾಕಬೇಕೆ? ಬೇಡ. ಹಸುವಿಗೆ ಎಷ್ಟು ಹಲ್ಲು, ಹೊಟ್ಟೆಗೆ ಎಷ್ಟು ಕೋಣೆ, ಗಬ್ಬದ ದಿನ ಎಷ್ಟು ಎಂಬುದು 1998ರಲ್ಲಿ ಇದ್ದ ಹಾಗೆಯೇ ಇದೆ. ಶರೀರ ರಚನೆಗೆ ಹಳೆಯ ಪುಸ್ತಕ ಸಾಕು. ಔಷಧಿ, ಲಸಿಕೆ, ಕಾನೂನು ಈ ಮೂರಕ್ಕೆ ಮಾತ್ರ ಈಚಿನದನ್ನೇ ಹುಡುಕಬೇಕು. ಇದು ಅವಳು ತಾನಾಗಿ ಕಂಡುಕೊಂಡ ಸೂತ್ರ.

ಮೂರನೆಯದು, ಯಾವ ಪ್ರಾಣಿಗೆ? ವೈದ್ಯರಾಗುವವರಿಗೆ ಮನುಷ್ಯನೆಂಬ ಒಂದೇ ಜಾತಿ. ಪಶುವೈದ್ಯ ಶಾಲೆಯಲ್ಲಿ ಹಾಗಿಲ್ಲ. ಜ್ವರಕ್ಕೆ ಮನುಷ್ಯರು ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ಕೊಟ್ಟರೆ ಪ್ರಾಣಕ್ಕೆ ಸಂಚಕಾರ; ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ. ನಾಯಿಯ ಚಿಗಟಕ್ಕೆ ಹಚ್ಚುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಕೋಳಿ, ದನಗಳ ಮೇವಿನಲ್ಲಿ ಸೇರಿಸುವ ಮೊನೆನ್ಸಿನ್ ಕುದುರೆಯ ಹೃದಯವನ್ನೇ ಕೆಡಿಸುತ್ತದೆ. ಹೊರದೇಶದ ಪುಸ್ತಕದಲ್ಲಿ ಕೊಟ್ಟ ಮೇವಿನ ಲೆಕ್ಕ ಅಲ್ಲಿಯ ದೊಡ್ಡ ಹಸುವಿನದು. ಮಲೆನಾಡು ಗಿಡ್ಡಕ್ಕೆ ಅದೇ ಲೆಕ್ಕ ಹಾಕಿದರೆ ಆದೀತೆ? ‘ಪ್ರಾಣಿಗಳಿಗೆ ಒಳ್ಳೆಯದು’ ಎಂಬ ವಾಕ್ಯ ಎಲ್ಲಿ ಕಂಡರೂ ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕುವುದು ಅವಳಿಗೆ ರೂಢಿಯಾಯಿತು.

ಹದ್ದುಗಳ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಡೈಕ್ಲೊಫೆನಾಕ್ ಚುಚ್ಚಿಸಿಕೊಂಡ ಹಸುವಿಗೆ ನೋವು ಇಳಿಯುತ್ತಿದ್ದುದು ನಿಜ. ಆ ಹಸು ಸತ್ತ ಮೇಲೆ ಅದನ್ನು ತಿಂದ ಪ್ರಾಣಿಗೆ ಏನಾಗುತ್ತದೆಂದು ಬಹಳ ವರ್ಷ ಯಾರೂ ಕೇಳಿರಲಿಲ್ಲ.

ಎರಡು ಕಾಲಮ್ಮಿನ ಪುಸ್ತಕ

ಹುಡುಕುವುದೇನೋ ಸರಿ, ಹುಡುಕುವುದು ಯಾವ ಭಾಷೆಯಲ್ಲಿ? ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳಿಗೆ ಇದು ಎಲ್ಲಕ್ಕಿಂತ ದೊಡ್ಡ ತೊಡಕಾಯಿತು. ‘ಕೆಚ್ಚಲು ಬಾವು’ ಎಂದು ಹುಡುಕಿದರೆ ಮನೆಮದ್ದಿನ ವಿಡಿಯೊಗಳ ಸಂತೆಯೇ ತೆರೆದುಕೊಳ್ಳುತ್ತಿತ್ತು. ‘ಮಾಸ್ಟೈಟಿಸ್’ ಎಂದು ಇಂಗ್ಲಿಷಿನಲ್ಲಿ ಹುಡುಕಿದಾಗ ಸಂಶೋಧನಾ ಲೇಖನಗಳು ಬಂದವು.

ಅವಳು ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ತಂದು ನಡುವೆ ಗೆರೆ ಎಳೆದಳು. ಎಡಕ್ಕೆ ಊರಿನ ಹೆಸರು, ಬಲಕ್ಕೆ ಪುಸ್ತಕದ ಹೆಸರು. ಕಾಲುಬಾಯಿ ಜ್ವರದ ಎದುರು ಫುಟ್ ಅಂಡ್ ಮೌತ್, ನೆರಡಿಯ ಎದುರು ಆಂಥ್ರಾಕ್ಸ್, ಚಪ್ಪೆ ರೋಗದ ಎದುರು ಬ್ಲ್ಯಾಕ್ ಕ್ವಾರ್ಟರ್, ಗಳಲೆ ರೋಗದ ಎದುರು ಹೆಮರೇಜಿಕ್ ಸೆಪ್ಟಿಸೀಮಿಯಾ. ತಿಂಗಳೊಪ್ಪತ್ತಿನಲ್ಲಿ ಹದಿನಾಲ್ಕು ಪುಟ ತುಂಬಿತು. ಇಂಗ್ಲಿಷಿಗೆ ಹೆದರುತ್ತಿದ್ದ ಗೆಳತಿಯರು ಅದನ್ನು ಜೆರಾಕ್ಸ್ ಮಾಡಿಸಿಕೊಂಡರು.

ಹೆಸರು ತಿಳಿದ ಮೇಲೆ ಬಾಗಿಲುಗಳು ಒಂದೊಂದಾಗಿ ತೆರೆದವು. ಗ್ರಂಥಪಾಲಕಿಯೇ ಕೂರಿಸಿಕೊಂಡು ತೋರಿಸಿಕೊಟ್ಟರು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಪಬ್‌ಮೆಡ್‌ನಲ್ಲಿ ಲೇಖನಗಳ ಸಾರಾಂಶವನ್ನು ಯಾರು ಬೇಕಾದರೂ ಓದಬಹುದು. ನಮ್ಮ ಕೃಷಿ ಮತ್ತು ಪಶು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಬರೆದ ಮಹಾಪ್ರಬಂಧಗಳನ್ನು ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ‘ಕೃಷಿಕೋಶ’ ಎಂಬ ಕಣಜದಲ್ಲಿ ಕೂಡಿಟ್ಟಿದೆ; ಹೆಬ್ಬಾಳದ ಕಾಲೇಜಿನಲ್ಲಿ ನಮ್ಮದೇ ಹಸುಗಳ ಮೇಲೆ ನಡೆದ ಅಧ್ಯಯನ ಬೇಕಾದರೆ ಅಲ್ಲಿ ನೋಡಬೇಕು. ಅದೇ ಪರಿಷತ್ತಿನ ‘ಇಂಡಿಯನ್ ಜರ್ನಲ್ ಆಫ್ ಅನಿಮಲ್ ಸೈನ್ಸಸ್’ ಪತ್ರಿಕೆಯೂ ಉಚಿತ. ಯಾವ ಜಿಲ್ಲೆಗೆ ಮುಂದೆ ಯಾವ ರೋಗ ಬರಬಹುದೆಂಬ ಮುನ್ಸೂಚನೆಯನ್ನು ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ ಸಂಸ್ಥೆ ಕೊಡುತ್ತದೆ. ರೋಗ ಪತ್ತೆ ಮತ್ತು ಲಸಿಕೆಯ ಬಗ್ಗೆ ದೇಶದೇಶಗಳೂ ಒಪ್ಪುವ ಕೈಪಿಡಿ, 1924ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯದು.

ಇಷ್ಟೆಲ್ಲ ಒಮ್ಮೆಲೇ ಕಂಡು ಅವಳು ಕಂಗಾಲಾದಳು. ಮೊದಲ ಲೇಖನ ತೆರೆದಾಗ ಮೊದಲ ಪ್ಯಾರಾದಲ್ಲೇ ಹನ್ನೊಂದು ಗೊತ್ತಿಲ್ಲದ ಪದ. ಆಗ ಗ್ರಂಥಪಾಲಕಿ ಹೇಳಿದ ಉಪಾಯ ಸರಳವಾಗಿತ್ತು. “ನೇರ ಲೇಖನಕ್ಕೆ ಹೋಗಿ ತಲೆ ಕೊಡಬೇಡಮ್ಮ. ಮೊದಲು ಪಠ್ಯಪುಸ್ತಕ. ಆಮೇಲೆ ಕೈಪಿಡಿ. ಆಮೇಲೆ, ಹತ್ತಾರು ಲೇಖನ ಓದಿದವರು ಬರೆದ ಸಮೀಕ್ಷೆ. ಕೊನೆಗೆ ಬೇಕಾದ ಒಂದೆರಡು ಲೇಖನ. ಮೆಟ್ಟಿಲು ಹತ್ತಿದ ಹಾಗೆ.” ಲೇಖನದಲ್ಲೂ ಮೊದಲು ಸಾರಾಂಶ, ನಂತರ ಎಷ್ಟು ಪ್ರಾಣಿಗಳ ಮೇಲೆ ಮಾಡಿದರು, ಔಷಧಿ ಕೊಡದ ಗುಂಪನ್ನು ಹೋಲಿಕೆಗೆ ಇಟ್ಟುಕೊಂಡಿದ್ದರೋ ಇಲ್ಲವೋ, ಅಷ್ಟು ನೋಡಿದರೂ ಅರ್ಧ ತಿಳಿದಂತೆ. ಆರು ಹಸುಗಳ ಮೇಲೆ ಮಾಡಿದ ಪರೀಕ್ಷೆಗೂ ಆರು ನೂರು ಹಸುಗಳ ಮೇಲೆ ಮಾಡಿದ್ದಕ್ಕೂ ವ್ಯತ್ಯಾಸವಿದೆಯಷ್ಟೆ.

ಹಟ್ಟಿಯಲ್ಲಿ ಪರೀಕ್ಷೆ

ದಸರಾ ರಜೆಯಲ್ಲಿ ಅವಳು ಊರಿನಲ್ಲಿದ್ದಾಗ ಮನೆಯ ಹಿರಿಯ ಹಸುವಿಗೇ ಕೆಚ್ಚಲು ಬಾವು ಬಂತು. ಬೆಳಿಗ್ಗೆ ಹಾಲು ಕರೆಯಲು ಕೂತ ಅಮ್ಮ ಮೊಲೆ ಮುಟ್ಟುತ್ತಿದ್ದಂತೆ ಹಸು ಒದೆಯಿತು. ಹಿಂದಿನ ಎಡ ಮೊಲೆ ಕಲ್ಲಿನಂತೆ ಬಿಗಿದಿತ್ತು. ಹಾಲು ಒಡೆದು ಹೆಪ್ಪುಹೆಪ್ಪಾಗಿ ಬರುತ್ತಿತ್ತು. ಅಪ್ಪನ ಮುಖ ಇಳಿದುಹೋಯಿತು. ದಿನಕ್ಕೆ ಹನ್ನೆರಡು ಲೀಟರಿನ ಹಸು ಅದು. ಒಂದು ಮೊಲೆ ಬತ್ತಿದರೆ ಮಗಳ ಹಾಸ್ಟೆಲ್ ಖರ್ಚೇ ಅಲುಗಾಡುತ್ತದೆ.

ಪಕ್ಕದ ಮನೆಯವರು ತಡಮಾಡದೆ ಸಲಹೆ ಕೊಟ್ಟರು. ತಮ್ಮ ಹಸುವಿಗೆ ಹೋದ ವರ್ಷ ಹೀಗೇ ಆದಾಗ ಪೇಟೆಯಿಂದ ‘ನೋವಿನ ಇಂಜೆಕ್ಷನ್’ ತಂದು ಹಾಕಿಸಿದ್ದರಂತೆ, ಮಾರನೆಯ ದಿನವೇ ಎದ್ದು ಮೇಯಿತಂತೆ. ಉಳಿದಿದ್ದ ಸೀಸೆಗಳನ್ನೂ ತಂದುಕೊಟ್ಟರು. “ನಿಮ್ಮ ಮಗಳೇ ಡಾಕ್ಟ್ರು ಓದ್ತವಳಲ್ಲ, ಅವಳ ಕೈಲೇ ಹಾಕ್ಸಿ.”

ಮನುಷ್ಯರಿಗೆ ಕೊಡುವ ಪುಟ್ಟ ಸೀಸೆಗಳು. ಮೇಲೆ ಬರೆದಿದ್ದ ಹೆಸರನ್ನು ಅವಳು ಓದಿದಳು. ಡೈಕ್ಲೊಫೆನಾಕ್.

“ಬೇಡಪ್ಪ” ಎಂದಳು.

“ನೀನೇ ಬರ್ದಿದ್ಯಲ್ಲ ಮಗಾ, ಬುಕ್ಕಲ್ಲಿ ಅದೇ ಅಲ್ವಾ ಇದ್ದದ್ದು?”

“ಬುಕ್ ಹಳೇದು. ಇದನ್ನ ದನಕ್ಕೆ ಕೊಡಬಾರದು ಅಂತ ಆಮೇಲೆ ಕಾನೂನು ಬಂತು. ಅದೂ ಅಲ್ದೆ ನಾನು ಡಾಕ್ಟ್ರಲ್ಲ. ಔಷಧಿ ಬರೆಯೋರು ಬೇರೆ.”

ಅದೂ ಅವಳು ಓದಿಯೇ ತಿಳಿದದ್ದು. 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆಯಂತೆ ಚಿಕಿತ್ಸೆ ಬರೆದುಕೊಡುವ ಅಧಿಕಾರ ನೋಂದಾಯಿತ ಪಶುವೈದ್ಯರದು. ಡಿಪ್ಲೊಮಾ ಪಡೆದವರು ಅವರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಉಪಚಾರ ಮಾಡಬಹುದು. ತನ್ನ ಕೆಲಸದ ಗಡಿ ಎಲ್ಲಿದೆ ಎಂಬುದಕ್ಕೂ ಒಂದು ಆಧಾರ ಬೇಕು.

ಅವಳು ಕೈಕಟ್ಟಿ ಕೂರಲಿಲ್ಲ. ನಾಲ್ಕೂ ಮೊಲೆಯ ಹಾಲನ್ನು ಬೇರೆ ಬೇರೆ ಬಟ್ಟಲಿಗೆ ಹಿಂಡಿ ನೋಡಿದಳು. ಹಸುವಿನ ಜ್ವರ ಅಳೆದಳು. ಯಾವಾಗಿನಿಂದ ಮೇವು ಬಿಟ್ಟಿದೆ, ಕರು ಹಾಕಿ ಎಷ್ಟು ದಿನವಾಯಿತು ಎಲ್ಲವನ್ನೂ ಚೀಟಿಯಲ್ಲಿ ಬರೆದು ಪಶು ಆಸ್ಪತ್ರೆಗೆ ಫೋನ್ ಮಾಡಿ ಓದಿ ಹೇಳಿದಳು. ಮಧ್ಯಾಹ್ನ ಡಾಕ್ಟರು ಬಂದರು. ಚೀಟಿ ನೋಡಿ, “ಅರ್ಧ ಕೆಲಸ ನೀನೇ ಮಾಡಿದ್ದೀಯಲ್ಲಮ್ಮ” ಎಂದರು. ಹಾಲಿನ ಮಾದರಿ ತೆಗೆದುಕೊಂಡರು. ರೋಗಾಣುನಾಶಕ ಕೊಟ್ಟು, ನೋವಿಗೆ ಮೆಲಾಕ್ಸಿಕಾಮ್ ಚುಚ್ಚಿದರು. ತಾವು ಹೇಳುವವರೆಗೆ ಈ ಹಸುವಿನ ಹಾಲನ್ನು ಡೇರಿಗೆ ಹಾಕಕೂಡದೆಂದು ಎಚ್ಚರಿಸಿದರು.

ಆ ದಿನಗಳ ಹಾಲಿನ ದುಡ್ಡು ಹೋಯಿತು. ಅಪ್ಪ ಒಳಗೊಳಗೇ ಲೆಕ್ಕ ಹಾಕಿ ನಿಟ್ಟುಸಿರುಬಿಟ್ಟ. ಬಾಯಿಬಿಟ್ಟು ಏನೂ ಹೇಳಲಿಲ್ಲ. ಮೊಲೆ ಉಳಿಯಿತು. ಆದರೆ ಮೊದಲಿನಷ್ಟು ಹಾಲು ಆ ಮೊಲೆಯಲ್ಲಿ ಮತ್ತೆ ಬರಲಿಲ್ಲ.

ಏಳನೆಯ ಆಧಾರ

ಒಂದು ಸಂಜೆ ಜಗಲಿಯ ಮೇಲೆ ಕೂತು ಪ್ರಬಂಧವನ್ನು ಹೊಸದಾಗಿ ಬರೆಯುತ್ತಿದ್ದಾಗ ಅಪ್ಪ ಹತ್ತಿರ ಬಂದು ಕೂತ. “ಆ ಔಷಧಿ ಯಾಕೆ ಕೂಡದು ಅಂತ ಹೇಳ್ಲೇ ಇಲ್ವಲ್ಲ?” ಎಂದು ಕೇಳಿದ. ಅವಳು ಹದ್ದಿನ ಕಥೆ ಹೇಳಿದಳು. ಭರತ್‌ಪುರ, ಪಾಕಿಸ್ತಾನ, ಇಪ್ಪತ್ತೈದರಲ್ಲಿ ಇಪ್ಪತ್ತೈದು.

ಅಪ್ಪ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಬೆಟ್ಟದ ಕಡೆ ಕೈ ತೋರಿಸಿ ನಿಧಾನವಾಗಿ ಹೇಳತೊಡಗಿದ.

“ನಾನು ಹುಡುಗ ಆಗಿದ್ದಾಗ ದನ ಸತ್ತರೆ ಗೋಮಾಳದಾಚೆ ಬಂಡೆ ಹತ್ರ ಎಳೆದು ಹಾಕ್ತಿದ್ರು. ಮೇಲೆ ಒಂದು ಚುಕ್ಕಿ ಕಾಣೋದು. ಆಮೇಲೆ ಎರಡು. ನೋಡ್ತಾ ನೋಡ್ತಾ ಮೂವತ್ತು ನಲವತ್ತು ಇಳಿಯವು. ಸಾಯಂಕಾಲಕ್ಕೆ ಮೂಳೆ ಬಿಟ್ರೆ ಏನೂ ಇರ್ತಿರಲಿಲ್ಲ, ನಾತಾನೂ ಇಲ್ಲ. ನೀನು ಹುಟ್ಟೋ ಹೊತ್ತಿಗೆ ಅವು ಇರಲಿಲ್ಲ. ಈಗ ಅಲ್ಲಿ ನಾಯಿ ಹಿಂಡು. ಎಲ್ಲಿಗೆ ಹೋದವು ಅಂತ ಯಾರೂ ಕೇಳಲಿಲ್ಲ. ಕಾಡಿಗೆ ಹೋಗಿರ್ತವೆ ಅಂದ್ಕೊಂಡ್ವಿ.”

ಹದಿನೆಂಟು ವರ್ಷ ಒಂದೇ ಮನೆಯಲ್ಲಿದ್ದರೂ ಈ ಮಾತನ್ನು ಅವಳು ಕೇಳಿರಲಿಲ್ಲ. ಕೇಳಬೇಕೆಂದು ತೋಚಿಯೂ ಇರಲಿಲ್ಲ. ಅಪ್ಪ ಕೈ ತೋರಿಸಿದ ದಿಕ್ಕಿನಲ್ಲಿದ್ದುದು ರಾಮದೇವರ ಬೆಟ್ಟ. ‘ಶೋಲೆ’ ಚಿತ್ರ ತೆಗೆದ ಜಾಗವೆಂದು ಹೊರಗಿನವರಿಗೆ ಅದರ ಪರಿಚಯ. ಉದ್ದ ಕೊಕ್ಕಿನ ರಣಹದ್ದುಗಳು ಆ ಬಂಡೆಗಳಲ್ಲಿ ಗೂಡು ಕಟ್ಟುತ್ತವೆಂಬ ಕಾರಣಕ್ಕೇ 2012ರಲ್ಲಿ ಅದನ್ನು ರಣಹದ್ದುಗಳ ಅಭಯಧಾಮವೆಂದು ಸಾರಿದ್ದಾರೆ. ತನ್ನ ಪ್ರಬಂಧದ ಒಂಬತ್ತನೆಯ ಪುಟಕ್ಕೂ ಮನೆಯ ಜಗಲಿಯಿಂದ ಕಾಣುವ ಬೆಟ್ಟಕ್ಕೂ ಇಂಥ ನಂಟಿದೆಯೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ರಜೆ ಮುಗಿಸಿ ಹೋದವಳು ಮೇಷ್ಟ್ರನ್ನು ಕೇಳಿದಳು. “ಸಾರ್, ಅಪ್ಪ ಹೇಳಿದ್ದನ್ನ ಬರೆಯಬಹುದಾ? ಅದು ಯಾವ ಪುಸ್ತಕದಲ್ಲೂ ಇಲ್ಲ.”

“ಅಪ್ಪ ಏನನ್ನ ಕಣ್ಣಾರೆ ಕಂಡರು?”

“ಹದ್ದು ಇದ್ದದ್ದು, ಆಮೇಲೆ ಇಲ್ಲದ್ದು.”

“ಯಾಕೆ ಸತ್ತವು ಅಂತ ಕಂಡರಾ?”

“ಇಲ್ಲ ಸಾರ್.”

“ಹಾಗಾದರೆ ಕಂಡಷ್ಟಕ್ಕೆ ಅವರು ಆಧಾರ. ಕಾರಣಕ್ಕೆ 2004ರ ಲೇಖನ ಆಧಾರ. ಎರಡನ್ನೂ ಬೇರೆ ಬೇರೆ ಬರಿ. ಯಾರು, ಯಾವಾಗ, ಯಾವ ಪ್ರಾಣಿ ಅನ್ನೋದು ಅಪ್ಪನಿಗೂ ಅನ್ವಯಿಸುತ್ತೆ.”

ಪ್ರಬಂಧ ಈ ಸಲ ಹತ್ತೇ ಪುಟವಾಯಿತು. ಹಸಿರು ಶಾಯಿ ಇರಲಿಲ್ಲ. ಕೊನೆಯಲ್ಲಿ ಏಳು ಆಧಾರಗಳಿದ್ದವು. 1998ರ ಹಳೆಯ ಪುಸ್ತಕ ಶರೀರ ರಚನೆಗೆಂದು ಅದರಲ್ಲಿ ಉಳಿದುಕೊಂಡಿತ್ತು. ಮೇಷ್ಟ್ರ ಒಪ್ಪಿಗೆ ಪಡೆದು, ಗ್ರಂಥಾಲಯದ ಆ ಪುಸ್ತಕದ ಚಿಕಿತ್ಸೆಯ ಪುಟಕ್ಕೆ ಅವಳೊಂದು ಚೀಟಿ ಅಂಟಿಸಿದಳು: ‘ಇಲ್ಲಿ ಹೇಳಿರುವ ನೋವಿನ ಔಷಧಿ 2006ರಿಂದ ದನಗಳಿಗೆ ನಿಷಿದ್ಧ.’ ಮುಂದಿನ ವರ್ಷ ಆ ಪುಟ ತೆರೆಯುವ ಹುಡುಗನೋ ಹುಡುಗಿಯೋ ತನ್ನಂತೆ ಮೋಸ ಹೋಗದಿರಲಿ ಎಂದು.

ಅಂಕ ಬಂದಿದ್ದು ಇಪ್ಪತ್ತೈದಕ್ಕೆ ಇಪ್ಪತ್ತೊಂದು. ಮುಂದಿನ ಸಲ ಊರಿಗೆ ಹೋದಾಗ ಪ್ರಬಂಧವನ್ನು ಅಪ್ಪನ ಕೈಗೆ ಕೊಟ್ಟಳು. ಅವನು ಕನ್ನಡಕ ಹುಡುಕಿ ತಂದು, ಕೊನೆಯ ಪುಟದ ಏಳನೆಯ ಸಾಲಿನ ಮೇಲೆ ಬೆರಳಿಟ್ಟು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ. ಅಲ್ಲಿ ಅವನ ಹೆಸರಿತ್ತು, ವಯಸ್ಸಿತ್ತು, ಊರಿನ ಹೆಸರಿತ್ತು, ಮಾತಾಡಿದ ದಿನವಿತ್ತು. ಮುಂದೆ, ‘ಕಣ್ಣಾರೆ ಕಂಡದ್ದು: ರಣಹದ್ದು’ ಎಂದಿತ್ತು.

“ದಿನ ಸರಿಯಾಗಿ ಹಾಕಿದ್ದೀಯಾ?” ಎಂದು ಕೇಳಿದ. “ಅವತ್ತು ಬುಧವಾರ ಅಲ್ಲ ಮಗಾ, ಗುರುವಾರ. ಸಂತೆಯಿಂದ ಬಂದಿದ್ದೆ ನಾನು.”

ಅವಳು ಗೋಡೆಯ ಕ್ಯಾಲೆಂಡರ್ ನೋಡಿದಳು. ಗುರುವಾರವೇ. ಪೆನ್ನು ತಂದು ತಿದ್ದಿದಳು.